ಗುಬ್ಬಿಯ ಬ್ರೇಕರ್

"ಇದು ತುಮಕೂರಲ್ಲಿ ಎಲ್ಲೂ ಸಿಗಲ್ಲ ಸಾರ್. ಗುಬ್ಬೀಲಿ ಮಲ್ಲಿಕಾರ್ಜುನ್ ಅವ್ರ ಅಂಗಡೀಲಿ ಹಳೇ ಸ್ಟಾಕ್ ಐತೆ, ಅಲ್ಲೇ ನೋಡ್ಬೇಕು," ಎನ್ನುತ್ತಾ ಎಲೆಕ್ಟ್ರಿಷಿಯನ್ ಬೆಟ್ಟಸ್ವಾಮಿ ಕೆಟ್ಟ ಬ್ರೇಕರನ್ನು ಸಂಗಮೇಶನ ಕೈಗೆ ಕೊಟ್ಟ. ಸ್ಟೂಲು ಹಿಡಿದು ನಿಂತಿದ್ದ ದಾಕ್ಷಾಯಣಿ ಮುಖ ಆಚೆ ತಿರುಗಿಸಿದಳು. ಹೆಂಡತಿ ನಕ್ಕಳೋ ಇಲ್ಲವೋ ಸಂಗಮೇಶನಿಗೆ ಕಾಣಲಿಲ್ಲ. ನಕ್ಕೇ ಇರುತ್ತಾಳೆ ಎಂದುಕೊಂಡ.

ಮಲ್ಲಿಕಾರ್ಜುನ್ ಒಂದು ಕಾಲದಲ್ಲಿ ಯಡಿಯೂರಿಗೆ ಬಂದು ದಾಕ್ಷಾಯಣಿಯನ್ನು ನೋಡಿ, ಒಪ್ಪಿದ್ದೇನೆಂದು ಹೇಳಿ ಹೋಗಿದ್ದ ಗಂಡು. ಪುಟ್ಟ ಅಂಗಡಿ ನೆಚ್ಚಿಕೊಂಡು ಮಗಳನ್ನು ಕೊಡುವುದು ಹೇಗೆಂದು ಅವಳಪ್ಪ ಚನ್ನಬಸವಯ್ಯ ಮೇಷ್ಟ್ರು ಬೇಡವೆಂದಿದ್ದರು. ಆಮೇಲೆ ತುಮಕೂರು ಪಕ್ಕದ ಸತ್ಯಮಂಗಲದ ಕಾರ್ಖಾನೆಯಲ್ಲಿ ಖಾಯಂ ಕೆಲಸವಿದ್ದ ಸಂಗಮೇಶ ಸಿಕ್ಕ. ಪುಟ್ಟ ಅಂಗಡಿ ಈಗ ಮೂರಂತಸ್ತಾಗಿದೆ. ಮದುವೆಯಾದ ಹೊಸದರಲ್ಲಿ ದಾಕ್ಷಾಯಣಿಯೇ ಇದನ್ನೆಲ್ಲ ನಗುನಗುತ್ತಾ ಹೇಳಿದ್ದಳು, ಹೇಳಬಾರದಿತ್ತು. ಅಂದಿನಿಂದ ಮನೆಯಲ್ಲಿ ಒಂದು ಬಲ್ಬು ಸುಟ್ಟರೂ "ಗುಬ್ಬಿಗೆ ಕೊಟ್ಟಿದ್ರೆ ಬಲ್ಬಿಗೇನು ಬರ ಇರ್ತಿರ್ಲಿಲ್ಲ ಬಿಡಿ" ಎಂದು ಅವಳು ಛೇಡಿಸುವುದು, ಇವನು ಮೂರು ದಿನ ಮುಖ ಊದಿಸಿಕೊಳ್ಳುವುದು ನಡೆದೇ ಇತ್ತು.

ಈಗ ಕೆಟ್ಟಿದ್ದು ಬಲ್ಬಲ್ಲ. ಆಯುಧಪೂಜೆಯ ದಿನ ಸಂಗಮೇಶನ ತಾಯಿ ಸ್ಕೂಟರಿಗೂ ಮಿಕ್ಸಿಗೂ ಪೂಜೆ ಮಾಡಿ, ಮನೆಗೆಲ್ಲ ಕರೆಂಟು ಹಂಚುವ ಪೆಟ್ಟಿಗೆಯನ್ನು ಬಿಡುವುದು ಯಾವ ನ್ಯಾಯವೆಂದು ಅದರ ಮುಚ್ಚಳ ತೆಗೆದು, ವಿಭೂತಿ ಬಳಿದು, ಧಾರಾಳವಾಗಿ ತೀರ್ಥ ಚಿಮುಕಿಸಿದ್ದರು. ಚಟ್ಟೆಂದು ಬಿದ್ದ ಅಡುಗೆಮನೆಯ ಬ್ರೇಕರ್ ಮತ್ತೆ ಏಳಲಿಲ್ಲ. ತುಮಕೂರಿನ ಮರಳೂರು ಬಡಾವಣೆಯಲ್ಲಿ ಸಂಗಮೇಶನ ಅಪ್ಪ ಈ ಮನೆ ಕಟ್ಟಿಸಿದಾಗ ಹಾಕಿಸಿದ ಪೆಟ್ಟಿಗೆ ಅದು. ಮಾಡಿದ ಕಂಪನಿ ಎಂದೋ ಮುಚ್ಚಿದೆ, ಈಗಿನ ಬ್ರೇಕರು ಅದರೊಳಗೆ ಕೂರುವುದಿಲ್ಲ. ಪೆಟ್ಟಿಗೆಯನ್ನೇ ಬದಲಾಯಿಸೋಣವೆಂದರೆ ಅದಿರುವುದು ದೇವರಮನೆಯ ಗೋಡೆಯಲ್ಲಿ. ದೀಪಾವಳಿ ಕಳೆಯುವ ತನಕ ಆ ಗೋಡೆಗೆ ಉಳಿ ತಾಗಿಸಕೂಡದೆಂದು ಅದೇ ತಾಯಿಯ ಅಪ್ಪಣೆಯಾಯಿತು.

ಗುಬ್ಬಿಯೊಂದನ್ನು ಬಿಟ್ಟು ಸಂಗಮೇಶ ಎಲ್ಲ ಕಡೆ ತಿರುಗಿದ. ಸತ್ಯಮಂಗಲದ ಗುಜರಿ ಅಂಗಡಿಗಳಲ್ಲಿ ಕೈ ಮಸಿ ಮಾಡಿಕೊಂಡ. ಕುಣಿಗಲ್ಲಿಗೆ ಹೋಗಿ ಬಿಸಿಲು ಕುಡಿದು ಬಂದ. ಇತ್ತ ಫ್ರಿಜ್ಜಿನಲ್ಲಿದ್ದ ಹಾಲು ಒಡೆಯಿತು, ದೋಸೆ ಹಿಟ್ಟು ಹುಳಿ ಬಂತು. ಕೊನೆಗೆ ದಾಕ್ಷಾಯಣಿ ತಾಳ್ಮೆಗೆಟ್ಟು, "ನಿಮ್ಗಾಗ್ದಿದ್ರೆ ಹೇಳಿ, ನಾನೇ ಬಸ್ಸತ್ತಿ ಹೋಗಿ ತರ್ತೀನಿ," ಎಂದಳು. ಸಂಗಮೇಶ ಸ್ಕೂಟರಿನ ಕೀ ತೆಗೆದುಕೊಂಡ.

ಮಲ್ಲಿಕಾರ್ಜುನ್‌ಗೆ ತಲೆ ಬೋಳಾಗಿತ್ತು, ಹೊಟ್ಟೆ ಬಂದಿತ್ತು. ಸಂಗಮೇಶನಿಗೆ ಅಷ್ಟರಮಟ್ಟಿಗೆ ಸಮಾಧಾನವಾಯಿತು. ಆದರೆ ಮನುಷ್ಯ ತಾನೇ ಮೇಲೆ ಹತ್ತಿ, ಹುಡುಕಿ, ಧೂಳು ಒರೆಸಿ ಬ್ರೇಕರ್ ತಂದುಕೊಟ್ಟ, ಟೀ ಕುಡಿಯಲೇಬೇಕೆಂದ. ಒಳ್ಳೆಯವನೂ ಆಗಿರಬೇಕೆ? ಟೀ ಮುಗಿಯುವ ಹೊತ್ತಿಗೆ ಸಂಗಮೇಶ ತಡೆಯಲಾರದೆ ಕೇಳಿಯೇಬಿಟ್ಟ.

"ನೀವು ಯಡಿಯೂರಿಗೆ ಹೆಣ್ಣು ನೋಡೋಕೆ ಬಂದಿದ್ರಂತಲ್ಲ. ಚನ್ನಬಸವಯ್ಯ ಮೇಷ್ಟ್ರ ಮಗಳು, ದಾಕ್ಷಾಯಣಿ ಅಂತ."

ಮಲ್ಲಿಕಾರ್ಜುನ್ ಕನ್ನಡಕ ತೆಗೆದು ಯೋಚಿಸಿದ. ಸುಳ್ಳು ಯೋಚನೆಯಲ್ಲ, ನಿಜವಾಗಿ ಯೋಚಿಸಿದ.

"ಆ ವರ್ಷ ನಮ್ಮಪ್ಪ ನನ್ನ ಊರೂರು ಸುತ್ತಿಸಿದ್ರು ಸಾರ್. ಎಲ್ಲಾರ್ನೂ ಒಪ್ಪಿದೀನಿ ಅಂತ್ಲೇ ಹೇಳ್ತಿದ್ದೆ, ಯಾರೂ ಕೊಡ್ಲಿಲ್ಲ. ಯಾವ ಹುಡುಗೀನೂ ನೆನಪಿಲ್ಲ ಬುಡಿ."

ಎದೆಯ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. ತುಮಕೂರಿನವರೆಗೂ ಸಂಗಮೇಶನಿಗೆ ಸಿಟ್ಟು ಏರುತ್ತಲೇ ಇತ್ತು. ದಾಕ್ಷಾಯಣಿಯನ್ನು ಎದುರಿಗೆ ಕೂರಿಸಿಕೊಂಡು ನೋಡಿದವನು ಮರೆಯುವುದೆಂದರೇನು? ಕಣ್ಣಿರಲಿಲ್ಲವೇ ಅವನಿಗೆ?

ಬೆಟ್ಟಸ್ವಾಮಿ ಸ್ಟೂಲು ಹತ್ತಿ ಬ್ರೇಕರ್ ಕೂರಿಸತೊಡಗಿದ. ದಾಕ್ಷಾಯಣಿ ಕತ್ತಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಂಗಡಿ ದೊಡ್ಡದಿದೆಯಾ ಎಂದು ಕೇಳಿದಳು. ದೊಡ್ಡದಿದೆ ಎಂದ ಸಂಗಮೇಶ. ಸೆರಗಿನ ತುದಿ ನೋಡುತ್ತಾ, "ಅವ್ರು ಏನಾದ್ರೂ ಅಂದ್ರಾ?" ಎಂದಳು. ಈ ಸಲ ಛೇಡಿಸುವ ದನಿ ಇರಲಿಲ್ಲ.

ಸಂಗಮೇಶ ಅವಳನ್ನು ನೋಡಿದ. ನಿಜ ಹೇಳಿದರೆ ಗುಬ್ಬಿಯ ಮಾತು ಇನ್ನೆಂದೂ ಈ ಮನೆಯಲ್ಲಿ ಏಳುವುದಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ನಿನ್ನ ಕೇಳಿದ್ರು," ಎಂದ. "ಚೆನ್ನಾಗಿದಾರಾ ಅಂದ್ರು."

"ಸುಮ್ನಿರ್ರೀ," ಎನ್ನುತ್ತಾ ಅವಳು ಒಳಗೆ ತಿರುಗಿದಳು. ಬೆಟ್ಟಸ್ವಾಮಿ ಬ್ರೇಕರ್ ಮೇಲೆತ್ತಿದ. ಅಡುಗೆಮನೆಯ ದೀಪ ಫಕ್ಕನೆ ಹತ್ತಿಕೊಂಡಿತು. ಕಿಟಕಿಯ ಗಾಜಿಗೆ ಮುಖ ಮಾಡಿ ನಿಂತು ದಾಕ್ಷಾಯಣಿ ಕಿವಿಯ ಮೇಲಿನ ನರೆಗೂದಲನ್ನು ನಿಧಾನವಾಗಿ ಒಳಗೆ ಸೇರಿಸಿಕೊಳ್ಳುತ್ತಿದ್ದಳು.