ಹಸಿಕಸವಿಲ್ಲದ ಮನೆ

ಹಾರದ ಗಂಟು ಬಿಚ್ಚಿಕೊಳ್ಳಲಿಲ್ಲ. ಆಕೆ ಹಲ್ಲಿನಿಂದ ಕಚ್ಚಿ ಎಳೆದಳು. ಹೂವನ್ನು ಒಂದು ಬುಟ್ಟಿಗೆ, ದಾರವನ್ನು ಇನ್ನೊಂದಕ್ಕೆ ಹಾಕಿ ಮುಂದಿನ ಹಾರ ಎತ್ತಿಕೊಂಡಳು. ನಡುಮನೆಯಲ್ಲಿ ಗಂಡನ ದೇಹವಿತ್ತು. ಅದರ ಮೇಲೆ ಹಾರಗಳು ತುಂಬಿದಂತೆಲ್ಲ ಯಾರಾದರೂ ಮೊದಲಿನವನ್ನು ತಂದು ಅಡುಗೆಮನೆಯ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು.

"ಅಕ್ಕಾ, ಇವತ್ತಾದ್ರೂ ಬಿಡೇ," ಎಂದಳು ತಂಗಿ.

"ದಾರ ಒಣಕಸ ಕಣೇ. ಹೂವಿನ ಜೊತೆ ಹೋದ್ರೆ ಗೊಬ್ಬರ ಕೆಡತ್ತೆ."

"ಭಾವ ಎದ್ದು ಬಂದು ನೋಡ್ತಾರಾ?"

ಆಕೆ ಒಮ್ಮೆ ನಡುಮನೆಯ ಕಡೆ ತಿರುಗಿ ನೋಡಿದಳು.

ಆತ ನಗರಸಭೆಯಲ್ಲಿ ಕಸದ ನಿರೀಕ್ಷಕ. ಹಸಿಕಸ ಕಡಿಮೆ ಮಾಡಿ, ಬೇರ್ಪಡಿಸಿ ಕೊಡಿ ಎಂದು ಮನೆಮನೆಗೆ ಹೋಗಿ ಹೇಳುವ ಕೆಲಸ. ಕೇಳದವರಿಗೆ ದಂಡ. ಊರಿಗೆ ಬುದ್ಧಿ ಹೇಳುವವನ ಮನೆಯಿಂದ ಒಂದು ಸಿಪ್ಪೆಯೂ ಹೊರಗೆ ಹೋಗಬಾರದೆಂದು ಹಟ ಹಿಡಿದಿದ್ದ. ತಾರಸಿಯ ಮೇಲಿನ ಪೀಪಾಯಿಯಲ್ಲಿ ಎಷ್ಟು ಹಿಡಿಯುತ್ತದೋ ಮನೆಯಲ್ಲಿ ಅಷ್ಟೇ ಕಸವಾಗಬೇಕು. ನಿನ್ನೆ ಬೆಳಿಗ್ಗೆ ಆ ಪೀಪಾಯಿಯ ಗೊಬ್ಬರ ತಿರುವುತ್ತಲೇ ಕುಸಿದಿದ್ದ.

*

ಎಷ್ಟೋ ವರ್ಷದ ಹಿಂದಿನ ಬೇಸಿಗೆ. ತಂಗಿ ಬಸ್ಸಿನಲ್ಲಿ ಕಲ್ಲಂಗಡಿ ಹೊತ್ತು ತಂದಿದ್ದಳು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು, ಮೊಣಕೈವರೆಗೆ ರಸ ಸುರಿಸಿಕೊಂಡು, ಚಿಕ್ಕಂದಿನಂತೆ ಬೀಜ ಉಗುಳುತ್ತ ತಿಂದಿದ್ದರು. ಗಂಡ ಬಂದು ಸಿಪ್ಪೆಯ ರಾಶಿ ನೋಡಿದ. ಕೂಗಾಡುವ ಮನುಷ್ಯನಲ್ಲ.

"ಪೀಪಾಯಿ ಭರ್ತಿ ಇದೆಯಲ್ಲ," ಎಂದ.

"ಒಂದಿನ ಕಸದ ಗಾಡಿಗೆ ಹಾಕಿದ್ರಾಯ್ತು ಭಾವ."

"ನಮ್ಮನೆ ಮುಂದೆ ಗಾಡಿ ನಿಲ್ಲಲ್ಲಮ್ಮ. ಹೋಗ್ತಾ ನೀನೇ ತಗೊಂಡು ಹೋಗಿಬಿಡು. ನಿಮ್ಮನೆ ಮುಂದೆ ನಿಲ್ಲತ್ತಲ್ಲ?"

ತಾನೇ ಚೀಲಕ್ಕೆ ತುಂಬಿ, ಸೋರದ ಹಾಗೆ ಬಾಯಿ ಕಟ್ಟಿ ಕೊಟ್ಟ. ತಂಗಿ ಆ ಚೀಲವನ್ನು ಮಗುವಿನಂತೆ ಎದೆಗೊತ್ತಿಕೊಂಡು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಆಕೆ ಬಾಗಿಲಲ್ಲೇ ನಿಂತಿದ್ದಳು.

ಆಮೇಲೆ ತಂಗಿ ಈ ಮನೆಗೆ ಬಂದದ್ದು ಇವತ್ತೇ. ಕಲ್ಲಂಗಡಿಯೂ ಬರಲಿಲ್ಲ, ದಪ್ಪ ಸಿಪ್ಪೆಯ ಯಾವ ಹಣ್ಣೂ ಬರಲಿಲ್ಲ. ಬಂದರೆ ಕಸ ಹೆಚ್ಚುತ್ತದೆಂದು ನೆಂಟರನ್ನೂ ಕರೆಯಲಿಲ್ಲ. ಉಳಿದ ಅನ್ನ, ಹಸಿವಿರಲಿ ಇಲ್ಲದಿರಲಿ, ಆಕೆಯ ಹೊಟ್ಟೆಗೇ ಹೋಯಿತು.

*

ಅಂತ್ಯಕ್ರಿಯೆ ಮುಗಿಸಿ ಮರಳಿದ ಮೇಲೆ ಗಂಡನ ಮೇಲಧಿಕಾರಿ ಚಹಾದ ಲೋಟ ಹಿಡಿದು ಆಕೆಯ ಮಗನ ಪಕ್ಕ ಕೂತರು.

"ಕಡಿಮೆ ಮಾಡಿ, ಉಳಿದದ್ದನ್ನ ಗಾಡಿಗೆ ಹಾಕಿ. ನಿಯಮ ಇರೋದೇ ಅಷ್ಟು. ಪೂರ್ತಿ ನಿಲ್ಲಿಸಿ ಅಂತ ಯಾರೂ ಹೇಳಿಲ್ಲಪ್ಪ. ನಿಮ್ಮ ತಂದೆ ಕೇಳಬೇಕಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ."

ಕೂತವರು ಮೆಲ್ಲಗೆ ನಕ್ಕರು. ಒಳಗೆ ಚಹಾ ಸೋಸುತ್ತಿದ್ದ ಆಕೆಯ ಕೈ ನಿಂತಿತು.

"ಆದ್ರೂ ಅವರ ಹೆಸರು ಉಳೀಬೇಕು. ಇದನ್ನೇ ಮಾದರಿ ಮನೆ ಮಾಡೋಣ ಅಂತ. ಶಾಲೆ ಮಕ್ಕಳನ್ನ ಕರ್ಕೊಂಡು ಬಂದು ತೋರಿಸ್ತೀವಿ. ಅಮ್ಮನಿಗೆ ತೊಂದರೆ ಇಲ್ಲ ತಾನೆ?"

"ಅಮ್ಮನಿಗೇನು ತೊಂದರೆ? ಅಭ್ಯಾಸ ಆಗಿಹೋಗಿದೆ," ಎಂದ ಮಗ. "ಅದಿಲ್ಲದಿದ್ರೆ ಹೊತ್ತೂ ಹೋಗಲ್ಲ ಅವಳಿಗೆ."

ತಂಗಿ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸುತ್ತ ಪಿಸುಗುಟ್ಟಿದಳು. "ಏನಕ್ಕಾ, ಮಕ್ಕಳಿಗೆ ಪೀಪಾಯಿ ಜೊತೆ ನಿನ್ನನ್ನೂ ತೋರಿಸ್ತಾರಂತಾ?"

"ಸಕ್ಕರೆ ಸಾಕಾ ನೋಡು," ಎಂದಳು ಆಕೆ.

ಸಂಜೆ ತಂಗಿಯನ್ನು ಕಳಿಸಿ ಬಂದು ಆಕೆ ಬಚ್ಚಲಿಗೆ ಹೋದಳು. ನಗರಸಭೆಯವರು ಮನೆಗೊಂದರಂತೆ ಕೊಟ್ಟಿದ್ದ ಹಸಿರು ಬಕೆಟ್ ಅಲ್ಲಿ ಬೋರಲು ಬಿದ್ದಿತ್ತು. ಇಷ್ಟು ವರ್ಷ ಅದರ ಮೇಲೆ ಹತ್ತಿ ಮೇಲಿನ ಕಪಾಟಿನ ಸಾಮಾನು ತೆಗೆಯುತ್ತಿದ್ದಳು. ತಳದ ಮೇಲೆ ತನ್ನದೇ ಅಂಗಾಲಿನ ಗುರುತು. ಉಜ್ಜಿ ತೊಳೆದು, ಬುಟ್ಟಿಯ ಹೂವನ್ನೆಲ್ಲ ಅದಕ್ಕೆ ಸುರಿದಳು. ಚಹಾದ ಚರಟವನ್ನೂ ಹಾಕಿದಳು.

"ಅಮ್ಮಾ, ಹೂವು ಪೀಪಾಯಿಗೆ ಹಾಕಿದ್ಯಾ?" ಒಳಗಿನಿಂದ ಮಗ ಕೂಗಿದ.

"ಆಯ್ತಪ್ಪಾ."

ಬೀದಿಯುದ್ದಕ್ಕೂ ನಾಳೆಯ ಗಾಡಿಗಾಗಿ ಬಕೆಟ್ಟುಗಳು ಸಾಲಾಗಿದ್ದವು. ಆಕೆ ತನ್ನದನ್ನು ಗೇಟಿನ ಹೊರಗಿಟ್ಟಳು. ಹೂವು ತುಂಬಿ ಮುಚ್ಚಳ ಕೂರಲಿಲ್ಲ. ಎರಡು ಹೆಜ್ಜೆ ಒಳಗೆ ಬಂದವಳು ಮತ್ತೆ ಹೋಗಿ ಅದನ್ನು ತಿರುಗಿಸಿಟ್ಟಳು, ಎತ್ತಿಕೊಳ್ಳುವವರ ಕೈಗೆ ಹಿಡಿ ಸಿಗುವ ಹಾಗೆ.