ಅಡುಗೆಕಟ್ಟೆಯ ಕಲ್ಲು

ಗಂಡ ತೀರಿಕೊಂಡ ಮೇಲೆ ಅವನ ಕಾರ್ಖಾನೆಯ ಯಜಮಾನ ನಮ್ಮ ಅಡುಗೆಕಟ್ಟೆಗೆ ಪುಕ್ಕಟೆಯಾಗಿ ಕಲ್ಲು ಹಾಕಿಸಿಕೊಡುತ್ತೇನೆಂದ. ಹಾಲುಬಿಳುಪಿನ, ಕಲೆ ಹಿಡಿಯದ ಕಲ್ಲು. ಅಂಥದ್ದನ್ನೇ ಕೊಯ್ದು, ಉಜ್ಜಿ, ಅದರ ಧೂಳು ಕುಡಿದು ನನ್ನ ಗಂಡ ಸತ್ತಿದ್ದ. ಅತ್ತೆ ಬೇಡವೆನ್ನಲಿಲ್ಲ. ನನಗೆ ಯಾವುದಕ್ಕೂ ಬಾಯಿ ಬರುತ್ತಿರಲಿಲ್ಲ.

ಕಲ್ಲು ಕೂರಿಸಲು ಯಜಮಾನನ ಜೊತೆ ಬಂದವನು ನನ್ನ ಮೈದುನ. ಅಣ್ಣನ ಜಾಗಕ್ಕೆ ಸೇರಿಕೊಂಡಿದ್ದಾನೆಂದು ನನಗೆ ಗೊತ್ತಾದದ್ದೇ ಆಗ. ಸಿಂಕಿನ ಅಳತೆಗೆ ಪೆನ್ಸಿಲ್ ಗೆರೆ ಎಳೆದ, ಮೂಗಿಗೆ ಕರವಸ್ತ್ರ ಕಟ್ಟಿದ, ಕಲ್ಲು ಕೊಯ್ಯುವ ಮೆಷಿನ್ ಎತ್ತಿಕೊಂಡ. ಧೂಳು ಏಳದಂತೆ ನೀರು ಬಿಡುವ ಅದರ ಕೊಳವೆಯ ಬಾಯಿಗೆ ಟೇಪ್ ಸುತ್ತಿತ್ತು.

"ನೀರಿಲ್ದೆ ಕೊಯ್ತೀಯೇನೋ?"

"ಮನೆಯೊಳಗೆ ನೀರು ಬಿಟ್ರೆ ಕೆಳಗಿನ ಕಪಾಟು ಊದ್ಕೊಳ್ಳುತ್ತೆ ಅತ್ತಿಗೆ. ಗಿರಾಕಿಗಳು ಬೈತಾರೆ."

"ಇಲ್ಲಿ ಗಿರಾಕಿ ನಾನು. ಊದ್ಕೊಳ್ಳಲಿ."

ಯಜಮಾನ ನಕ್ಕ. "ಧೂಳಿಗೆ ಹೆದರಿದ್ರೆ ಕಲ್ಲಿನ ಕೆಲಸ ಆಗುತ್ತಾ ಅಮ್ಮಾ? ನಮ್ಮಪ್ಪ ಮುದುಕ ಆಗೋವರೆಗೂ ಅಮೃತಶಿಲೆ ಕೊಯ್ದ್ರು. ಗುಂಡುಕಲ್ಲಿನ ಹಾಗಿದ್ರು."

"ಅದು ಅಮೃತಶಿಲೆ, ಸುಣ್ಣದ ಜಾತಿ. ಇದು ಸಿಲಿಕಾಯುಕ್ತ."

"ಏನು ಯುಕ್ತ?"

ಕಾಲೇಜಿನಲ್ಲಿ ಭೂವಿಜ್ಞಾನ ಓದುವಾಗ ಮರಳುಗಲ್ಲಿಗೆ, ಬೆಣಚುಕಲ್ಲಿಗೆ, ಚಕಮಕಿ ಕಲ್ಲಿಗೆ ಬಳಸುತ್ತಿದ್ದ ಮಾತು. ಸಿಲಿಕಾ ಹೇರಳವಾಗಿ ಇರುವಂಥದ್ದು, ಅಷ್ಟೇ ಅರ್ಥ. ಸುಮ್ಮನೆ ಬಿದ್ದಿರುವ ಕಲ್ಲು ಯಾರಿಗೂ ಏನೂ ಮಾಡುವುದಿಲ್ಲ.

"ಬೆಣಚುಕಲ್ಲು ಅರೆದು ಅಂಟು ಹಾಕಿ ಒತ್ತಿದ್ದು ಇದು. ಹತ್ತರಲ್ಲಿ ಒಂಬತ್ತು ಪಾಲು ಸಿಲಿಕಾ. ಕೊಯ್ದಾಗ ಕಣ್ಣಿಗೆ ಕಾಣದಂಥ ಪುಡಿ ಏಳುತ್ತಲ್ಲ, ಅದೇ ಎದೆಯೊಳಗೆ ಹೋಗಿ ಕೂರೋದು." ಮೈದುನನ ಕಡೆ ತಿರುಗಿದೆ. "ಕರವಸ್ತ್ರ ಅದನ್ನ ತಡೆಯಲ್ಲ ಕಣೋ. ನಿಮ್ಮಣ್ಣನೂ ಇದನ್ನೇ ಕಟ್ಕೊಳ್ತಿದ್ರು."

ಅವನು ಮೆಷಿನ್ ಕೆಳಗಿಟ್ಟ. ಎತ್ತಿಕೊಳ್ಳಲೋ ಬೇಡವೋ ಎಂಬಂತೆ ಯಜಮಾನನ ಮುಖ ನೋಡಿದ.

"ಓದಿದವರ ಪಾಠ ಕೇಳ್ತಾ ನಿಂತ್ರೆ ಇವತ್ತು ಕೆಲಸ ಆದ ಹಾಗೇ! ಆ ಕಡೆ ಸರಿ, ನಾನೇ ಕೊಯ್ತೀನಿ. ನೀನು ಹೋಗಿ ಅತ್ತಿಗೆ ಬೆನ್ನ ಹಿಂದೆ ಅವಿತ್ಕೋ."

ಯಜಮಾನ ತನ್ನ ಚೀಲಕ್ಕೆ ಕೈ ಹಾಕಿ ಮಾಸ್ಕ್ ತೆಗೆದ. ರಬ್ಬರಿನದು, ಎರಡೂ ಕೆನ್ನೆಗೆ ಬಿಲ್ಲೆಯಂಥ ಫಿಲ್ಟರ್. ಮುಖಕ್ಕೆ ಒತ್ತಿ, ತಲೆಯ ಹಿಂದೆ ಪಟ್ಟಿ ಬಿಗಿದ. ಚಪ್ಪಲಿ ಮೆಟ್ಟಿಕೊಳ್ಳುವಷ್ಟು ಸಲೀಸಾಗಿ.

ಮೈದುನ ಅದನ್ನೇ ನೋಡುತ್ತಿದ್ದ. "ಸಾರ್, ಇದು ಯಾವಾಗಿಂದ ಇದೆ ನಿಮ್ಮ ಹತ್ರ?"

ಯಜಮಾನ ಏನೋ ಅಂದ. ರಬ್ಬರಿನೊಳಗಿನ ಮಾತು ಹೊರಗೆ ಕೇಳಿಸಲಿಲ್ಲ.

ಮೂಲೆಯಲ್ಲಿ ಪಾತ್ರೆ ಒರೆಸುತ್ತಿದ್ದ ಅತ್ತೆ ಎದ್ದು ಬಂದು ಮೆಷಿನ್ನಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತರು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಯಜಮಾನನ ಎದುರು ನಿಂತರು.

"ತೆಗಿ ಅದನ್ನ. ಬಾಯಿ ಬಿಟ್ಟು ಹೇಳು. ನನ್ನ ದೊಡ್ಡ ಮಗ ನಿನ್ನ ಕಣ್ಣೆದುರೇ ಕೆಮ್ಮುವಾಗ ಇದು ನಿನ್ನ ಚೀಲದಲ್ಲಿತ್ತೋ ಇಲ್ವೋ?"

ಯಜಮಾನ ಮಾಸ್ಕ್ ತೆಗೆಯಲಿಲ್ಲ. ಮೈದುನ ಕರವಸ್ತ್ರ ಬಿಚ್ಚಿ ಕಲ್ಲಿನ ಮೇಲೆ ಎಸೆದ. "ಅತ್ತಿಗೆ, ಆ ತುದಿ ಹಿಡ್ಕೊಳ್ಳಿ," ಎಂದ.

ಕಲ್ಲು ಹೆಣಭಾರವಿತ್ತು. ಇಬ್ಬರೂ ಎತ್ತಿ ಬೀದಿಗೆ ತಂದು ಹಾಕಿದೆವು.