ಅರ್ಧ ಚಮಚ ಹಾರ್ಲನ್

ಸೆಪ್ಟೆಂಬರ್ ಬಂತೆಂದರೆ ಗಾಂಜಾ ಬೆಳೆಯೇ ಬದುಕಾದ ನಮ್ಮ ಗುಡ್ಡದಲ್ಲಿ ಯಾರಿಗೂ ನನ್ನ ಮೊಣಕಾಲುನೋವಿನ ನೆನಪಿರುವುದಿಲ್ಲ. ಗಾಂಜಾ ಗಿಡ ಹೂವಿಗೆ ಬಂದು ಬುಡದ ನಾಲ್ಕು ಎಲೆ ಹಳದಿಯಾದರೆ ಸಾಕು, "ಮಾರ್ಜಿ, ಒಂಚೂರು ಬಂದು ನೋಡ್ತೀಯಾ?" ಎಂದು ಫೋನು. ಹೂವು ಕಟ್ಟುವಾಗ ಗಿಡ ಹಳೆಯ ಎಲೆಯ ಸಾರ ಹೀರಿ ಮೇಲಕ್ಕೆ ಕಳಿಸುತ್ತದೆ, ಅದರ ಪಾಡಿಗೆ ಅದನ್ನು ಬಿಡಿ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಯಾರು ಕೇಳುತ್ತಾರೆ? ಮೀನುಗೊಬ್ಬರದ ನೀರು ಹೊಯ್ಯುತ್ತಾರೆ, ಬಾವಲಿ ಹಿಕ್ಕೆ ಸುರಿಯುತ್ತಾರೆ, ಅದೂ ಆಗದಿದ್ದರೆ ಚಂದ್ರನನ್ನು ಬೈಯುತ್ತಾರೆ. ರಾಸಾಯನಿಕ ಮುಟ್ಟುವುದಿಲ್ಲವೆಂಬ ಹೆಮ್ಮೆಯಲ್ಲಿ, ಸಗಣಿಯೂ ಮಿತಿಮೀರಿದರೆ ಸುಡುತ್ತದೆ ಎನ್ನುವುದು ಮರೆತೇ ಹೋಗಿರುತ್ತದೆ.

ವರ್ನಾ ಫೋನು ಮಾಡಿದ ದಿನ ಎಲ್ಲೋ ಹತ್ತಿದ ಕಾಡ್ಗಿಚ್ಚಿನ ಹೊಗೆ ಕಣಿವೆಯಲ್ಲಿ ಬಂದು ಕೂತಿತ್ತು. ನನಗೆ ಹಾಸಿಗೆಯಿಂದ ಏಳುವುದೇ ಬೇಡವಾಗಿತ್ತು. ಆದರೆ ವರ್ನಾಳ ಗಿಡಗಳ ವಿಷಯ ಬೇರೆ. ಅವಳ ಗಂಡ ಹಾರ್ಲನ್ ತನ್ನ ಪ್ರಾಯವನ್ನೆಲ್ಲ ಸುರಿದು ಬೆಳೆಸಿದ ತಳಿ ಅದು. ಮುಟ್ಟಿದರೆ ಕೈಗೆ ಕಿತ್ತಳೆ ಸಿಪ್ಪೆಯ ವಾಸನೆ ಹತ್ತುತ್ತಿತ್ತು, ಶರತ್ಕಾಲದ ಮಳೆಗೆ ಹೂವು ಕೊಳೆಯುತ್ತಿರಲಿಲ್ಲ. ಹೋದ ವರ್ಷದ ಬೆಂಕಿಯಲ್ಲಿ ಅವರ ಕೊಟ್ಟಿಗೆ ಸುಟ್ಟು ಬೀಜದ ಜಾಡಿಗಳೆಲ್ಲ ಬೂದಿಯಾದವು. ಚಳಿಗಾಲದಲ್ಲಿ ಹಾರ್ಲನ್ ಕೂಡ ಹೋದ. ಅವನ ಹಳೆಯ ಕೋಟಿನ ಜೇಬಿನಲ್ಲಿ ಸಿಕ್ಕ ಬೀಜಗಳನ್ನು ವರ್ನಾ ಬಿತ್ತಿದಳು. ಒಂದು ಗಂಡು, ಐದು ಹೆಣ್ಣು ಮೇಲೆದ್ದವು. ಗಂಡಿನ ಪರಾಗ ಕೂತು ಹೆಣ್ಣುಗಿಡಗಳಲ್ಲಿ ಈಗ ಬೀಜ ಬಲಿಯುವ ಹೊತ್ತು. ಇವು ಒಣಗಿದರೆ ಆ ತಳಿ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ.

"ಬಂದ್ಯಾ? ನಿನ್ನ ಮೊಣಕಾಲು ಇವತ್ತು ರಜಾ ಹಾಕಿದೆ ಅಂದ್ಕೊಂಡಿದ್ದೆ," ಎಂದಳು ವರ್ನಾ.

"ಸುಮ್ನಿರೇ. ಮೊದ್ಲು ಕಾಫಿ ಕೊಡು."

"ಕಾಫಿ ಎಲ್ಲಿಗೂ ಓಡಿ ಹೋಗಲ್ಲ. ಮೊದ್ಲು ಹುಡುಗೀರನ್ನ ನೋಡು."

ಹೆಣ್ಣುಗಿಡಗಳನ್ನು ಇಲ್ಲಿ ಎಲ್ಲರೂ ಹುಡುಗಿಯರೆಂದೇ ಕರೆಯುವುದು. ಹಲಗೆ ಕಟ್ಟಿದ ಮಡಿಯಲ್ಲಿ ಐವರೂ ನಿಂತಿದ್ದರು. ಮೊಣಕಾಲು ಮರೆತು ಬಗ್ಗಿ ನೋಡಿದೆ. ಬುಡದ ಎಲೆಗಳು ಹಸಿರಾಗಿಯೇ ಇದ್ದವು. ತುದಿಯ ಎಳೆ ಎಲೆಗಳು ಬಿಳಿಚಿ, ನರಗಳಷ್ಟೇ ಹಸಿರು ಗೆರೆಗಳಾಗಿ ಉಳಿದಿದ್ದವು. ಹೂವುಗಳೂ ಸೊರಗಿದ್ದವು.

"ಹಸಿವು ತಾನೇ? ಮೀನುನೀರು ಎರಡು ಸಲ ಕೊಟ್ಟೆ," ಎಂದಳು.

"ಹಸಿವಾದ್ರೆ ಹಳೇ ಎಲೆ ಮೊದ್ಲು ಹಳದಿ ಆಗುತ್ತೆ. ಇಲ್ಲಿ ಹೊಸದು ಬಿಳಿಚಿದೆ. ಕಬ್ಬಿಣ ಸಿಗ್ತಿಲ್ಲ ಇವಕ್ಕೆ."

"ನಮ್ಮ ಕೆಂಪು ಮಣ್ಣಲ್ಲಿ ಕಬ್ಬಿಣಕ್ಕೆ ಬರವಾ?"

"ಮಣ್ಣಲ್ಲಿದೆ, ಬೇರಿಗೆ ಎತ್ಕೊಳ್ಳೋಕೆ ಆಗ್ತಿಲ್ಲ. ಸುಣ್ಣ ಜಾಸ್ತಿಯಾದ್ರೆ ಹಾಗಾಗುತ್ತೆ."

ಮಡಿಯ ಮಣ್ಣನ್ನು ಗಾಜಿನ ಲೋಟದ ನೀರಲ್ಲಿ ಕಲಕಿ, ತಿಳಿಯಾದ ಮೇಲೆ ಪರೀಕ್ಷೆಯ ದ್ರಾವಣ ಬಿಟ್ಟೆ. ಹಸಿರಾಗಬೇಕಾದದ್ದು ಸುಣ್ಣ ಹೆಚ್ಚಿದ್ದಕ್ಕೆ ಕಡು ನೇರಳೆಯಾಯಿತು. ಇಷ್ಟು ನೇರಳೆಯನ್ನು ನಾನು ಕಂಡೇ ಇರಲಿಲ್ಲ.

"ಸುಣ್ಣ ಹಾಕಿದ್ಯಾ?"

"ಇಲ್ಲ."

"ಒಲೆ ಬೂದಿ?"

"ನಾನೇನು ನಿನ್ನೆ ಮೊನ್ನೆ ಗಿಡ ನೆಟ್ಟವಳಾ?"

ಹುಲ್ಲಿನ ಹೊದಿಕೆ ಸರಿಸಿ ಮಣ್ಣು ಕೆದಕಿದೆ. ಬಿಳಿ ಬಿಳಿ ನುಚ್ಚು ಕಂಡಿತು. ಒಂದು ಹಿಡಿ ಎತ್ತಿಕೊಂಡೆ. "ಇದೇನು ಮತ್ತೆ? ಕಪ್ಪೆಚಿಪ್ಪಿನ ಪುಡಿ ಸುರಿದು ನನ್ನ ಹತ್ರ ಸುಳ್ಳು ಹೇಳ್ತೀಯಾ?"

ವರ್ನಾ ಬೇಲಿಯ ಕಡೆ ನೋಡಿದಳು. "ಅದು ಹಾರ್ಲನ್," ಎಂದಳು.

ನಾನು ಅಂಗೈ ಮುಚ್ಚಿದೆ. ಕೊಡವುವ ಹಾಗಿರಲಿಲ್ಲ, ಹಿಡಿದುಕೊಂಡು ಕೂರುವ ಹಾಗೂ ಇರಲಿಲ್ಲ.

"ಪೂರ್ತಿನಾ?"

"ಮತ್ತೆ? ಅವನೇ ಹೇಳಿದ್ದು, ನನ್ನ ಬೂದೀನ ಡಬ್ಬೀಲಿ ಹಾಕಿ ಕಪಾಟಿನ ಮೇಲೆ ಇಡಬೇಡ, ಹುಡುಗೀರ ಕಾಲಬುಡದಲ್ಲಿ ಹಾಕು ಅಂತ. ಆಗಸ್ಟಲ್ಲಿ ಗಂಡುಗಿಡ ಪರಾಗ ಬಿಟ್ಟ ದಿನ ಹಾಕ್ದೆ. ವರ್ಷದಲ್ಲಿ ಅವನಿಗೆ ಅದೇ ಹಬ್ಬ."

ಸುಟ್ಟ ಎಲುಬೆಂದರೆ ಸುಣ್ಣ, ಜೊತೆಗೆ ಉಪ್ಪು. ಇದನ್ನು ನಾನು ವರ್ನಾಳಿಗೆ ಹೇಳಬೇಕಾಯಿತು. ಇಂಥ ಕೆಲಸವೂ ನನ್ನ ಪಾಲಿಗೇ ಬರಬೇಕೇ ಎಂದು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಹೇಳಿದೆ, "ಜಾಸ್ತಿ ಹಾಕ್ಬೇಡಿ, ಜಾಸ್ತಿ ಹಾಕ್ಬೇಡಿ ಅಂತ ಊರಿಗೆಲ್ಲ ಪಾಠ ಹೇಳ್ತಿದ್ದೋನು ಅವನು. ಈಗ ತಾನೇ ಜಾಸ್ತಿಯಾಗಿ ಕೂತಿದ್ದಾನೆ. ಒಂದು ಚಮಚ ಹಾಕಿದ್ರೆ ಸಾಕಿತ್ತು ಕಣೇ."

"ಯಾವ ಚಮಚ, ಮಾರ್ಜಿ? ಕೈನಾ, ಕಾಲಾ? ಯಾವುದನ್ನ ಇಲ್ಲಿ ಹಾಕಿ ಯಾವುದನ್ನ ಡಬ್ಬೀಲಿ ಬಿಡಬೇಕಿತ್ತು?"

ಹಲಗೆಯ ಮೇಲೆ ಕೂತೆ. ಮದ್ದು ಹೇಳಿದೆ. ಮೇಲಿನ ನಾಲ್ಕು ಬೆರಳು ಮಣ್ಣು ಕೆರೆದು ತೆಗೆಯಬೇಕು. ಮಳೆನೀರಿಗೆ ಚೂರು ವಿನೆಗರ್ ಬೆರೆಸಿ ಮಡಿ ತೊಳೆಯಬೇಕು. ಆಮೇಲೆ ಚೆನ್ನಾಗಿ ಕಳಿತ ಎಲೆಗೊಬ್ಬರ ಹಾಸಬೇಕು. ಮೀನುನೀರು ಬಂದ್.

"ತೆಗೆಯಲ್ಲ," ಎಂದಳು ವರ್ನಾ. "ಆಸ್ಪತ್ರೆಯಿಂದ ಮನೆಗೆ ತಂದೆ. ಮನೆಯಿಂದ ಸುಡೋಕೆ ಎತ್ಕೊಂಡು ಹೋದ್ರು. ಡಬ್ಬೀಲಿ ವಾಪಸ್ ತಂದೆ. ಈಗ ಇಲ್ಲಿಂದಲೂ ಎಬ್ಬಿಸ್ಬೇಕಾ? ನಂಗೆ ಸಾಕಾಗಿದೆ. ಒಣಗಿದ್ರೆ ಒಣಗ್ಲಿ."

ನನಗೂ ಸಾಕಾಗಿತ್ತು. ಹೊಗೆಯಿಂದ, ಮೊಣಕಾಲಿನಿಂದ, ಒಬ್ಬೊಬ್ಬರಾಗಿ ಹೋಗುತ್ತಿರುವ ನಮ್ಮವರಿಂದ. ಎದ್ದು ಮನೆಗೆ ಹೋಗಿಬಿಡಬೇಕೆನಿಸಿತು. ಆದರೆ ಮುಷ್ಟಿಯಲ್ಲಿ ಹಾರ್ಲನ್ ಇದ್ದ.

"ನಿನ್ನಿಷ್ಟ," ಎಂದೆ. "ಆದ್ರೆ ಅವನು ಇಷ್ಟು ವರ್ಷ ಮಣ್ಣಲ್ಲಿ ಕೈ ಇಟ್ಟಿದ್ದು ಈ ಬೀಜಕ್ಕೋಸ್ಕರ. ಬೀಜ ಜೊಳ್ಳಾದ್ರೆ ಅವನು ನನ್ನನ್ನೇ ಬೈತಾನೆ, ನಿನ್ನನ್ನಲ್ಲ."

ವರ್ನಾ ಒಂದು ಹೂವನ್ನು ಬೆರಳಲ್ಲಿ ಬಿಡಿಸಿದಳು. ಒಳಗಿನ ಬೀಜ ಇನ್ನೂ ಬೆಳ್ಳಗಿತ್ತು. ಒತ್ತಿದರೆ ಹಾಲು ಬಂತು. ಅದನ್ನು ಲಂಗಕ್ಕೆ ಒರೆಸಿಕೊಂಡು ಒಳಗೆ ಹೋದಳು. ಬರುವುದಿಲ್ಲವೇನೋ ಎಂದುಕೊಂಡೆ. ಎರಡು ಸೂಪಿನ ಚಮಚ ಹಿಡಿದು ಬಂದಳು.

"ಸಲಿಕೆ ಬೇಡ. ಬೇರು ಕಡಿಯುತ್ತೆ," ಎಂದಳು. ಬೇರಿಗಾಗಿ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮಧ್ಯಾಹ್ನವೆಲ್ಲ ಮಂಡಿಯೂರಿ ಕೆರೆದೆವು. ತಳ್ಳುಗಾಡಿ ತುಂಬಿತು. ಎಲ್ಲಿ ಸುರಿಯುವುದು ಎಂದು ಅವಳು ಕೇಳಿದಾಗ ಅಂಜೂರದ ಮರ ತೋರಿಸಿದೆ, ಅಂಜೂರಕ್ಕೆ ಸುಣ್ಣ ಹಿಡಿಸುತ್ತದೆ.

"ಅಯ್ಯೋ! ನೆರಳು ಬೀಳುತ್ತೆ ಅಂತ ವರ್ಷಾ ವರ್ಷಾ ಅದನ್ನ ಕಡಿಯೋಕೆ ಗರಗಸ ಹಿಡ್ಕೊಂಡು ಹೋಗ್ತಿದ್ದ ಕಣೇ!"

"ಈಗ ರಾಜಿ ಮಾಡ್ಕೊಳ್ಲಿ ಬಿಡು."

ವರ್ನಾ ನಕ್ಕಳು. ನಗುತ್ತ ನಗುತ್ತಲೇ ಅತ್ತಳು. ನಾನು ಗಾಡಿ ತಳ್ಳಿಕೊಂಡು ಹೋದೆ.

ಕೊನೆಗೆ ಮೂಲೆಯ ಸಣ್ಣ ಗಿಡವೊಂದೇ ಉಳಿಯಿತು. ಅದರ ಬುಡದಲ್ಲಿ ಅವಳ ಕೈ ನಿಂತಿತು.

"ಇವಳ ಹತ್ರ ಒಂದು ಚಮಚ ಇರ್ಲಿ, ಮಾರ್ಜಿ."

"ಅರ್ಧ," ಎಂದೆ.

ಬಿಳಿಚಿದ ಎಲೆಗಳು ಮತ್ತೆ ಹಸಿರಾಗಲಿಲ್ಲ, ಅವು ಆಗುವುದೂ ಇಲ್ಲ. ಆದರೆ ಉಳಿದ ನಾಲ್ವರಲ್ಲಿ ಅವುಗಳ ಮೇಲೆ ಚಿಗುರಿದ್ದು ಹಸಿರಾಗಿಯೇ ಬಂತು. ಅಕ್ಟೋಬರಿನಲ್ಲಿ ಕಂದು ಗೆರೆಯ ಗಟ್ಟಿ ಬೀಜಗಳನ್ನು ವರ್ನಾ ಹೊಸ ಜಾಡಿಗೆ ತುಂಬಿ, ಒಂದು ಪಾಲು ನನ್ನ ಮನೆಯಲ್ಲಿ ತಂದಿಟ್ಟಳು. ಮೂಲೆಯ ಗಿಡವನ್ನು ಮಾತ್ರ ಕೊಯ್ಯದೆ ಬಿಟ್ಟಿದ್ದಳು.

ಒಂದು ದಿನ ಮತ್ತೆ ಫೋನು. ಮೊಣಕಾಲಿಗೆ ಶಾಪ ಹಾಕುತ್ತ ಹೋದೆ. ಮೂಲೆಯವಳು ಇನ್ನೂ ಬಿಳಿಚಿಕೊಂಡೇ ಇದ್ದಳು. ನಾನು ಬಗ್ಗಿ ಎಲೆ ತಿರುಗಿಸಲು ಹೋದೆ.

"ಬಿಡೇ, ಅದಕ್ಕಲ್ಲ ಕರೆದಿದ್ದು," ಎಂದಳು ವರ್ನಾ. ಆ ಗಿಡದ ಪಕ್ಕ ಎರಡು ಕುರ್ಚಿ ಹಾಕಿದ್ದಳು. ಕಾಫಿ ತಂದಿಟ್ಟಿದ್ದಳು.